ಮಂಗಳವಾರ ಬರುವ ದುಡ್ಡು

ನಮ್ಮ ಕಡೆ ಇಬ್ಬರು ಹೆಂಗಸರು ದಾರಿಯಲ್ಲಿ ಎದುರಾದರೆ ಮೊದಲು ‘ಊಟ ಆಯ್ತಾ?’ ಅಂತ ಕೇಳುವುದು ಲಾಗಾಯ್ತಿನಿಂದ ಬಂದ ಪದ್ಧತಿ. ಈಚೆಗೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ‘ನಿಂಗೆ ಬಂತಾ?’ ಏನು ಬಂತಾ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ. ‘ನಂಗೆ ನಿನ್ನೆ ಮೆಸೇಜ್ ಬಂತು ಕಣಕ್ಕ, ನಮ್ಮ ಓರಗಿತ್ತಿಗೇ ಇನ್ನೂ ಇಲ್ಲ’ ಎಂದು ಉತ್ತರವೂ ಅಷ್ಟೇ ಸಲೀಸಾಗಿ ಬರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರದ ಮಾತು ಅದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ; ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರ ಖಾತೆಗೆ ಹೋಗುವ ದುಡ್ಡು. ಒಂದು ಕೋಟಿ ಹೆಂಗಸರು ಒಂದೇ ವಿಷಯವನ್ನು ಒಂದೇ ಮಾತಿನಲ್ಲಿ ವಿಚಾರಿಸಿಕೊಳ್ಳುವಂಥ ಕಾಲ ನಮ್ಮ ರಾಜ್ಯದಲ್ಲಿ ಹಿಂದೆ ಯಾವಾಗ ಬಂದಿತ್ತು, ಹೇಳಿ?

ಯೋಜನೆಯ ಕಾಗದದಲ್ಲಿ ಮಕ್ಕಳ ಮಾತಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವವರಿಗೆ ತಿಂಗಳಿಗೆ ಎರಡು ಸಾವಿರ, ಆಕೆಯೋ ಗಂಡನೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರಾದರೆ ಇಲ್ಲ, ಅಷ್ಟೆ. ಆದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಕೇಳಿ ನೋಡಿ. ಒಬ್ಬಳು ಮಗನ ವ್ಯಾನ್ ಫೀಸು ಅನ್ನುತ್ತಾಳೆ, ಇನ್ನೊಬ್ಬಳು ಮಗಳ ಟ್ಯೂಷನ್ನು. ಮತ್ತೊಬ್ಬಳು ಏನೂ ಹೇಳದೆ ಕೈಚೀಲ ಬಿಚ್ಚಿ ತೋರಿಸುತ್ತಾಳೆ: ಒಂದು ಜೊತೆ ಕಪ್ಪು ಶೂ, ಒಂದು ಡಜನ್ ನೋಟ್‌ಬುಕ್ಕು, ಅವಕ್ಕೆ ಹಾಕುವ ಖಾಕಿ ಬೈಂಡು, ಒಂದು ಚಿಪ್ಪು ಬಾಳೆಹಣ್ಣು. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಕೂಡಿಟ್ಟ ಕಂತಿನ ದುಡ್ಡಿನಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತಲ್ಲ, ಅದನ್ನು ಓದಿ ನನಗೆ ಹೊಟ್ಟೆ ತುಂಬಿತ್ತು. ಊರಿನ ಮಕ್ಕಳೂ ಅಂದು ಹೋಳಿಗೆ ತಿಂದಿರುತ್ತಾರೆ ತಾನೆ?

ಹೆಂಗಸಿನ ಕೈಗೇ ಯಾಕೆ ಕೊಡಬೇಕು, ಗಂಡಸಿನ ಖಾತೆಗೆ ಹಾಕಿದರೆ ಆಗುವುದಿಲ್ಲವೇ ಎಂಬ ಪ್ರಶ್ನೆ ನಮ್ಮ ಜಗಲಿಯಲ್ಲೂ ಎದ್ದಿತ್ತು. ಅದನ್ನು ಎತ್ತಿದ ಮಾವನಿಗೆ ನಾನು ಎಲಿನಾರ್ ರ‍್ಯಾತ್‌ಬೋನ್ ಎಂಬಾಕೆಯ ಕತೆ ಹೇಳಿದೆ. ಆಕೆ ಇಂಗ್ಲೆಂಡಿನ ಲಿವರ್‌ಪೂಲಿನ ಹೆಂಗಸು. ದುಡಿಯುವವನ ಸಂಬಳ ಮನೆಯಲ್ಲಿ ಎಷ್ಟು ಬಾಯಿಗಳಿವೆ ಎಂದು ನೋಡಿ ಏರುವುದಿಲ್ಲ, ಆದ್ದರಿಂದ ಮಕ್ಕಳಿಗೆಂದೇ ಸರ್ಕಾರ ಬೇರೆ ಹಣ ಕೊಡಬೇಕು, ಅದನ್ನು ತಾಯಿಯ ಕೈಗೆ ಕೊಡಬೇಕು ಎಂದು 1924ರಲ್ಲಿ ಪುಸ್ತಕ ಬರೆದಳು. 1929ರಲ್ಲಿ ಪಾರ್ಲಿಮೆಂಟಿಗೆ ಹೋದಳು. ಹಿಡಿದ ಪಟ್ಟು ಬಿಡಲಿಲ್ಲ. ಕೊನೆಗೆ 1945ರಲ್ಲಿ ಮಸೂದೆ ಬಂತು. ಬಂತು ಅಂದರೆ ಏನು, ಅದರಲ್ಲಿ ಹಣ ತಂದೆಯದು ಎಂದು ಬರೆದಿತ್ತು! ಇಪ್ಪತ್ತು ವರ್ಷ ಹೋರಾಡಿದ ಮುದುಕಿಗೆ ಹೇಗಾಗಿರಬೇಡ? ಎದ್ದು ನಿಂತು, ಹೀಗೇ ಇರುವುದಾದರೆ ನಾನೇ ಇದರ ವಿರುದ್ಧ ಮತ ಹಾಕುತ್ತೇನೆ ಅಂದಳು. ಸರ್ಕಾರ ಬಗ್ಗಿತು, ಹಣ ತಾಯಿಯದಾಯಿತು. 1946ರ ಆಗಸ್ಟ್ 6ರಿಂದ ಎರಡನೆಯ ಮಗುವಿನಿಂದ ಮೊದಲುಗೊಂಡು ಮಗುವಿಗೆ ವಾರಕ್ಕೆ ಐದು ಷಿಲಿಂಗ್, ಪೋಸ್ಟಾಫೀಸಿನಲ್ಲಿ. ಆದರೆ ಆಕೆ ಅದನ್ನು ನೋಡಲಿಲ್ಲ. ಆ ವರ್ಷದ ಜನವರಿಯಲ್ಲೇ ತೀರಿಕೊಂಡಿದ್ದಳು.

ಆ ಆಗಸ್ಟ್ 6 ಮಂಗಳವಾರ. ಅಲ್ಲಿಂದಾಚೆಗೆ ಬಹುಕಾಲ ಇಂಗ್ಲೆಂಡಿನ ತಾಯಂದಿರಿಗೆ ಮಂಗಳವಾರವೆಂದರೆ ಪೋಸ್ಟಾಫೀಸಿನ ದಿನವಾಗಿತ್ತು. ನಮ್ಮಲ್ಲಿ ನೋಡಿ, ಮಂಗಳವಾರ ಶುಕ್ರವಾರ ಮನೆಯಿಂದ ದುಡ್ಡು ಹೊರಗೆ ಹೋಗಕೂಡದು. ಸಂಜೆ ದೀಪ ಹಚ್ಚಿದ ಮೇಲಂತೂ ಪಕ್ಕದ ಮನೆಗೆ ಸಾಲವಿರಲಿ, ಒಂದು ಲೋಟ ಮೊಸರೂ ಕೊಡುವುದಿಲ್ಲ. ಹೋಗಕೂಡದು ಅಂತ ತಾನೇ ಶಾಸ್ತ್ರ? ಬರಕೂಡದು ಅಂತ ಎಲ್ಲೂ ಇಲ್ಲ. ಮಂಗಳವಾರ ಮನೆಗೆ ಬರುವ ದುಡ್ಡಿಗೆ ನಮ್ಮ ಅಜ್ಜಿಯಂದಿರು ಅಡ್ಡಿ ಹೇಳುತ್ತಿರಲಿಲ್ಲ; ಅರಿಶಿನ ಕುಂಕುಮ ಇಟ್ಟು ಡಬ್ಬಿಗೆ ಹಾಕುತ್ತಿದ್ದರು. ಆ ಇಂಗ್ಲೆಂಡಿನ ಏರ್ಪಾಟಿನಲ್ಲಿ ನನಗೆ ಬಹಳ ಹಿಡಿಸುವುದು ಐದು ಷಿಲಿಂಗಲ್ಲ, ಮಂಗಳವಾರ. ವಾರ ಗೊತ್ತಿದ್ದರೆ ಅಂಗಡಿಯವನಿಗೆ ಮಾತು ಕೊಡಬಹುದು. ಈ ವಾರ ಹಾಲು ಹೆಚ್ಚು ಹಾಕಿಸಿಕೊಳ್ಳಬಹುದು. ಮಗ ಕಂಪಾಸ್ ಬಾಕ್ಸು ಕೇಳಿದರೆ ‘ಮಂಗಳವಾರ ಬರಲಿ ತಡಿ ಕಂದ’ ಅನ್ನಬಹುದು. ಅಂದದ್ದನ್ನು ನಡೆಸಿಕೊಡಲೂಬಹುದು. ನಮ್ಮಲ್ಲಿ ಎರಡು ಸಾವಿರ ಕೊಡುವ ಮನಸ್ಸು ಮಾಡಿದ್ದೇವೆ, ಅದು ಸಣ್ಣ ಮಾತಲ್ಲ. ಆದರೆ ಎರಡು ತಿಂಗಳು ಬಾರದೆ ಮೂರನೆಯ ತಿಂಗಳು ಒಟ್ಟಿಗೆ ಬಿದ್ದರೆ ಅದರ ಗುಣವೇ ಬೇರೆಯಾಗುತ್ತದೆ. ಒಟ್ಟಿಗೆ ಬಂದ ದುಡ್ಡು ಸಾಲಗಾರನ ಪಾಲು. ತಾರೀಖಿಗೆ ಸರಿಯಾಗಿ ಬಂದ ದುಡ್ಡು ಮಗುವಿನ ಪಾಲು. ನನ್ನನ್ನು ಕೇಳಿದರೆ, ಇನ್ನೊಂದು ಹೊಸ ಯೋಜನೆ ಬೇಡ, ಇರುವುದಕ್ಕೆ ಒಂದು ತಾರೀಖು ಕೊಡಿ ಅನ್ನುತ್ತೇನೆ.

ರ‍್ಯಾತ್‌ಬೋನಳ ಮಾತು ಬಂತಲ್ಲ, ಆಕೆಗೂ ನಮಗೂ ಇನ್ನೊಂದು ನಂಟಿದೆ. ಆಕೆ ಇಂಡಿಯಾಕ್ಕೂ ಬಂದಿದ್ದಳು. ಇಲ್ಲಿನ ಬಾಲ್ಯವಿವಾಹದ ಬಗ್ಗೆ 1934ರಲ್ಲಿ ಒಂದು ಪುಸ್ತಕವನ್ನೂ ಬರೆದಳು. 1929ರ ಶಾರದಾ ಕಾಯಿದೆ ಕಾಗದದ ಮೇಲೆ ಇದ್ದರೂ ಮದುವೆಗಳು ನಿಂತಿಲ್ಲ ಎಂಬುದು ಆಕೆಯ ಸಂಕಟ. ನಮ್ಮ ಮೈಸೂರು ಸಂಸ್ಥಾನ ಅದಕ್ಕೂ ಮೊದಲೇ, 1894ರಲ್ಲೇ ಕಾನೂನು ಮಾಡಿತ್ತು: ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದು. ಎಂಟು! ಇವತ್ತಿಗೆ ಮೂರನೆಯ ತರಗತಿಯ ಹುಡುಗಿ. ಅಂಥದ್ದಕ್ಕೂ ಆಗ ಕಾನೂನು ಬೇಕಾಗಿತ್ತು, ಆ ಕಾನೂನಿಗೂ ವಿರೋಧವಿತ್ತು. ಅಲ್ಲಿಂದ ಹದಿನೆಂಟಕ್ಕೆ ಬರುವ ಹೊತ್ತಿಗೆ ಎಷ್ಟು ತಲೆಮಾರು ಕಳೆದವು ನೋಡಿ. ಕಾನೂನು ಒಂದು ಕಡೆಯಿಂದ ಗದರಿಸಿತು. ಇನ್ನೊಂದು ಕಡೆಯಿಂದ ಪುಸಲಾಯಿಸಲು ಬಂದದ್ದು ಭಾಗ್ಯಲಕ್ಷ್ಮಿ ಬಾಂಡು.

ಬಾಂಡಿನ ಮಾತು ಸ್ವಲ್ಪ ಬಿಡಿಸಿಯೇ ಹೇಳಬೇಕು. 2006-07ರ ಬಜೆಟ್ಟಿನಲ್ಲಿ ಬಂದ ಯೋಜನೆ. ಆಗ ಹಣಕಾಸು ಖಾತೆ ಉಪಮುಖ್ಯಮಂತ್ರಿ ಯಡಿಯೂರಪ್ಪನವರ ಕೈಯಲ್ಲಿತ್ತು. 2006ರ ಮಾರ್ಚ್ 31ರಿಂದಾಚೆಗೆ ಬಿಪಿಎಲ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಎಲ್‌ಐಸಿಯಲ್ಲಿ ಹಣ ತೊಡಗಿಸುತ್ತಿತ್ತು. ಮೊದಲು ಹತ್ತು ಸಾವಿರ. 2008ರಲ್ಲಿ ಅದನ್ನು ಮೊದಲ ಮಗಳಿಗೆ 19,300, ಎರಡನೆಯವಳಿಗೆ 18,350 ಎಂದು ಏರಿಸಿದರು. ಹೀಗೆ ಏರಿಸಿದ ಮೇಲೆ ಸೇರಿದವರಿಗೆ ಹದಿನೆಂಟು ತುಂಬಿದಾಗ ಲಕ್ಷದ ಮೇಲೆ ಚಿಲ್ಲರೆ. ಷರತ್ತುಗಳೂ ಇದ್ದವು: ಚುಚ್ಚುಮದ್ದು ಹಾಕಿಸಿರಬೇಕು, ಅಂಗನವಾಡಿಗೆ ಸೇರಿಸಿರಬೇಕು, ಕನಿಷ್ಠ ಎಂಟನೆಯ ತರಗತಿ ಓದಿಸಬೇಕು, ಕೂಲಿಗೆ ಕಳಿಸಕೂಡದು, ಹದಿನೆಂಟರೊಳಗೆ ಮದುವೆ ಮಾಡಕೂಡದು.

ಆ ಬಾಂಡನ್ನು ನೀವು ಯಾರ ಮನೆಯಲ್ಲಾದರೂ ನೋಡಿದ್ದೀರಾ? ನಮ್ಮ ಬೀದಿಯ ಕೊನೆಮನೆ ಅಕ್ಕ ಒಮ್ಮೆ ಟ್ರಂಕು ತೆಗೆದು ತೋರಿಸಿದ್ದಳು. ಮದುವೆಯ ರೇಷ್ಮೆ ಸೀರೆ ಕೆಳಗೆ, ಅದರ ಮೇಲೆ ಮನೆಪತ್ರ, ಅದರ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಬಾಂಡು. ಕವರಿನ ಬಾಯಿಗೆ ಟೇಪು ಅಂಟಿಸಿ, ಇಲಿ ಮುಟ್ಟದಿರಲಿ ಎಂದು ನುಸಿಗುಳಿಗೆ ಸುತ್ತಲೂ ಇಟ್ಟಿದ್ದಳು. ಮಗುವಿನ ಹೆಸರು, ಹುಟ್ಟಿದ ತಾರೀಖು, ತಾಯಿ ತಂದೆಯ ಹೆಸರು. ಹೊರತೆಗೆದು ತೋರಿಸುವಾಗಲೂ ಕೈಯನ್ನು ಸೆರಗಿಗೆ ಒರೆಸಿಕೊಂಡೇ ಹಿಡಿದಳು. ‘ಇವ್ಳು ಹುಟ್ಟಿದಾಗ ನಮ್ಮತ್ತೆ ಮೂರು ದಿನ ಮಾತಾಡ್ಲಿಲ್ಲ ಕಣಣ್ಣ. ಈ ಕಾಗ್ದ ಬಂದ್ಮೇಲೆ ಅಷ್ಟೋ ಇಷ್ಟೋ ಮಾತಾಡೋಕೆ ಶುರು ಮಾಡಿದ್ರು’ ಅಂದಳು. ನಾನು ಲೆಕ್ಕ ಹಾಕುವುದು ಅಲ್ಲಿಂದ. ಹದಿನೆಂಟು ವರ್ಷದ ನಂತರ ಬರುವ ದುಡ್ಡು ಆಮೇಲಿನ ಮಾತು, ತೊಟ್ಟಿಲಲ್ಲಿರುವಾಗಲೇ ಆ ಕೂಸಿಗೆ ಒಂದಿಷ್ಟು ಮರ್ಯಾದೆ ಕೊಡಿಸಿತಲ್ಲ ಆ ಕಾಗದ!

ಮೊದಮೊದಲು ಹುಟ್ಟಿದ ಆ ಹುಡುಗಿಯರಿಗೆ 2024ರಿಂದ ಹದಿನೆಂಟು ತುಂಬುತ್ತಾ ಬಂದಿದೆ. ಕೊನೆಮನೆಯಲ್ಲೂ ತುಂಬಿತು. ಬಾಂಡು, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ತಾಯಿ ಮಗಳು ಓಡಾಡಿದರು. ಇನ್ನು ದುಡ್ಡು ಬರುವ ಮೊದಲೇ ಮನೆಯಲ್ಲಿ ಎರಡು ಪಕ್ಷ. ಅಜ್ಜಿ, ಅದೇ ಮೂರು ದಿನ ಮಾತಾಡದಿದ್ದ ಅಜ್ಜಿ, ‘ಅವ್ಳಿಗೊಂದು ಜೊತೆ ಓಲೆ ಮಾಡ್ಸಿಡಿ, ಚಿನ್ನ ಕೈ ಬಿಡಲ್ಲ’ ಅಂದಳು. ಹುಡುಗಿ ನರ್ಸಿಂಗ್ ಫೀಸಿಗೆ ಬೇಕು ಅಂದಳು. ಗಂಡಸರು ಯಾವ ಪಕ್ಷಕ್ಕೂ ಸೇರದೆ ಹೊರಗೆ ಹೋದರು. ಏನಾಯಿತು ಅಂತ ಕೇಳುತ್ತೀರಲ್ಲವೇ? ಫೀಸೇ ಆಯಿತು. ಅಜ್ಜಿ ಸೋತಳು ಅಂತ ತಿಳಿಯಬೇಡಿ. ತನ್ನ ಕಿವಿಯ ಬೆಂಡೋಲೆಯನ್ನೇ ಮೊಮ್ಮಗಳಿಗೆ ಹಾಕಿ ಕಾಲೇಜಿಗೆ ಕಳಿಸಿದಳು.

2020-21ರಿಂದ ಎಲ್‌ಐಸಿ ಹೋಗಿ ಅಂಚೆ ಇಲಾಖೆಯ ಸುಕನ್ಯಾ ಸಮೃದ್ಧಿ ಖಾತೆ ಬಂದಿದೆ: ವರ್ಷಕ್ಕೆ 3,000ದಂತೆ ಹದಿನೈದು ವರ್ಷ ಸರ್ಕಾರ ಕಟ್ಟುತ್ತದೆ, ಇಪ್ಪತ್ತೊಂದನೆಯ ವರ್ಷಕ್ಕೆ ಕೈಗೆ. ಬಿಪಿಎಲ್ ಅಲ್ಲದವರೂ ತಮ್ಮ ಮಗಳಿಗೆ ತಾವೇ ಇಂಥ ಖಾತೆ ತೆರೆಯಬಹುದು, ಹತ್ತು ವರ್ಷ ತುಂಬುವುದರೊಳಗೆ, ವರ್ಷಕ್ಕೆ 250 ರೂಪಾಯಿಯಿಂದ ಒಂದೂವರೆ ಲಕ್ಷದವರೆಗೆ. ಒಳ್ಳೆಯ ಬಡ್ಡಿ. ಆದರೆ ನೋಡಿ, ಉಳಿಸಲು ಇದ್ದವರಿಗೆ ಉಳಿಸುವ ದಾರಿ ಅದು. ಇಲ್ಲದವರಿಗೆ ಮೊದಲ ಮೂರು ಸಾವಿರವನ್ನು ಬೇರೆ ಯಾರಾದರೂ ಹಾಕಲೇಬೇಕು.

ಹದಿನೆಂಟು, ಇಪ್ಪತ್ತೊಂದು ಅಂತ ಬಹಳ ಮುಂದಕ್ಕೆ ಹೋಗಿಬಿಟ್ಟೆ. ಮಗುವಿನ ಖರ್ಚು ಶುರುವಾಗುವುದು ಅದು ಹುಟ್ಟುವುದಕ್ಕೂ ಮೊದಲು. ಬಸುರಿ ಎಂದು ಗೊತ್ತಾದ ಕೂಡಲೇ ಆಶಾ ಅಕ್ಕ ಬಂದು ತಾಯಿ ಕಾರ್ಡ್ ಮಾಡಿಸಿಕೊಡುತ್ತಾಳೆ. ಆ ಕಾರ್ಡಿನ ಹಾಳೆಗಳಲ್ಲಿ ರಕ್ತ ಎಷ್ಟಿದೆ, ತೂಕ ಎಷ್ಟು, ಟಿಟಿ ಇಂಜೆಕ್ಷನ್ ಯಾವತ್ತು, ಎಲ್ಲ ಇರುತ್ತದೆ. ಕೂಲಿ ಮಾಡುವ ಹೆಂಗಸು ಏಳನೆಯ ತಿಂಗಳಿಗೆ ಕೆಲಸ ಬಿಟ್ಟರೆ ಆ ಕೂಲಿ ಯಾರು ಕೊಡುತ್ತಾರೆ? ಆಫೀಸಿನ ನೌಕರಿಯವರಿಗೆ ಸಂಬಳ ಸಹಿತ ರಜೆ ಇದೆ. ಭತ್ತದ ಗದ್ದೆಗೆ ರಜೆ ಎಲ್ಲಿದೆ? 2013ರ ಆಹಾರ ಭದ್ರತಾ ಕಾಯಿದೆ ಪ್ರತಿ ಬಸುರಿ ಬಾಣಂತಿಗೆ ಆರು ಸಾವಿರಕ್ಕೆ ಕಡಿಮೆಯಿಲ್ಲದಂತೆ ಕೊಡಬೇಕು ಎಂದಿತು. 2017ರ ಮಾತೃ ವಂದನಾ ಯೋಜನೆ ಬಂದಾಗ ಅದು ಮೊದಲ ಮಗುವಿಗೆ ಐದು ಸಾವಿರವಾಯಿತು, ಕಂತಿನಲ್ಲಿ. 2022ರಿಂದ ಎರಡನೆಯ ಮಗುವಿಗೂ ಆರು ಸಾವಿರ ಉಂಟು, ಹೆಣ್ಣಾದರೆ. ಹೆಣ್ಣುಮಗು ಬೇಡವೆನ್ನುವವರ ಮನಸ್ಸು ತಿರುಗಲಿ ಎಂದು ಆ ಷರತ್ತು ಇಟ್ಟಿದ್ದಾರೆ, ಉದ್ದೇಶ ಒಪ್ಪೋಣ. ಆದರೆ ಎರಡನೆಯದು ಗಂಡಾದ ತಾಯಿಗೆ ಬಾಣಂತನದಲ್ಲಿ ಮೈಯ ನೋವು ಕಡಿಮೆಯೇ? ಅವಳ ಕೂಲಿ ತಪ್ಪುವುದಿಲ್ಲವೇ? ಕಾಯಿದೆಯಲ್ಲಿ ಬರೆದ ಆರು ಸಾವಿರ ಎಲ್ಲ ತಾಯಂದಿರಿಗೂ ಸೇರಿದ್ದು. ಈ ಮಾತನ್ನು ನಾನು ಜಗಲಿಯಲ್ಲೂ ಹೇಳುತ್ತೇನೆ, ಸಿಕ್ಕಿದ ಶಾಸಕರಿಗೂ ಹೇಳುತ್ತೇನೆ.

ಬಾಣಂತಿಯ ಮಾತು ಬಂದಾಗ ಮಡಿಲು ಕಿಟ್ ನೆನಪಾಗುತ್ತದೆ. 2007ರ ಸುಮಾರಿಗೆ ಬಂದದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಒಂದು ಚೀಲ. ಹತ್ತೊಂಬತ್ತು ಸಾಮಾನು: ಸೊಳ್ಳೆ ಪರದೆ, ಹೊದಿಕೆ, ಮಗುವಿಗೆ ಸ್ವೆಟರು, ಕುಲಾವಿ, ಕಾಲುಚೀಲ, ಕೆಳಗೆ ಹಾಸುವ ರಬ್ಬರ್ ಶೀಟು, ಪೌಡರು, ಸೋಪು, ತಾಯಿಗೆ ಹೊಟ್ಟೆಗೆ ಕಟ್ಟಿಕೊಳ್ಳುವ ಬಟ್ಟೆ, ಕೊಬ್ಬರಿ ಎಣ್ಣೆ, ಬಾಚಣಿಗೆ, ಟೂತ್‌ಪೇಸ್ಟು. ಆ ಪಟ್ಟಿ ಮಾಡಿದವರು ಯಾರೋ ಹೆರಿಗೆ ಮನೆಯ ಒಳಗನ್ನು ಚೆನ್ನಾಗಿ ಕಂಡವರೇ ಇರಬೇಕು. ಹೊಟ್ಟೆಗೆ ಬಟ್ಟೆ ಕಟ್ಟಬೇಕು, ತಲೆಗೆ ಎಣ್ಣೆ ಬೇಕು ಎಂಬುದು ಕಡತ ನೋಡಿ ಬರುವ ಬುದ್ಧಿಯಲ್ಲ.

ದೂರದ ಫಿನ್ಲೆಂಡಿನಲ್ಲೂ ಇಂಥದ್ದೇ ಒಂದಿದೆ, 1938ರಿಂದ. ಅವರದು ಚೀಲವಲ್ಲ, ರಟ್ಟಿನ ಪೆಟ್ಟಿಗೆ. ಒಳಗೆ ಮಗುವಿನ ಬಟ್ಟೆಬರೆ, ಪೆಟ್ಟಿಗೆಯ ತಳದಲ್ಲಿ ಚಿಕ್ಕ ಹಾಸಿಗೆ. ಸಾಮಾನು ತೆಗೆದರೆ ಪೆಟ್ಟಿಗೆಯೇ ಮಗುವಿನ ಮಂಚ. ಆಗ ಆ ದೇಶ ಬಡದೇಶ. 1930ರ ದಶಕದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 65 ಒಂದು ವರ್ಷ ತುಂಬುವ ಮುಂಚೆ ಹೋಗುತ್ತಿದ್ದವು. ಮೊದಲು ಬಡವರಿಗೆ ಮಾತ್ರ ಇದ್ದ ಪೆಟ್ಟಿಗೆಯನ್ನು 1949ರಲ್ಲಿ ಎಲ್ಲ ತಾಯಂದಿರಿಗೂ ಕೊಟ್ಟರು, ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ಡಾಕ್ಟರನ್ನೋ ಸೂಲಗಿತ್ತಿಯನ್ನೋ ಕಂಡಿರಬೇಕು ಎಂಬ ಒಂದೇ ಷರತ್ತಿನ ಮೇಲೆ. ಪೆಟ್ಟಿಗೆಯ ಆಸೆಗೆ ಹೆಂಗಸರು ಆಸ್ಪತ್ರೆಗೆ ಬಂದರು, ಆಸ್ಪತ್ರೆಗೆ ಬಂದದ್ದರಿಂದ ಕೂಸುಗಳು ಉಳಿದವು. ಎಲ್ಲರಿಗೂ ಕೊಟ್ಟದ್ದರಿಂದ ಇನ್ನೊಂದು ಅನುಕೂಲವಾಯಿತು: ಆ ಪೆಟ್ಟಿಗೆ ತೆಗೆದುಕೊಂಡವರು ಬಡವರು ಎಂದು ಯಾರೂ ಬೆರಳು ಮಾಡಲಿಲ್ಲ. ಹಂಚಿದ್ದು ಹಬ್ಬದ ಎಳ್ಳುಬೆಲ್ಲದ ಹಾಗಾಯಿತು.

ಇದನ್ನೇ ನಾನು ಮಾವನಿಗೂ ಹೇಳಿದ್ದು. ಅವರು ತಕರಾರು ಬಿಡುವವರಲ್ಲ. ‘ಹಿಂಗೆ ಕೊಡ್ತಾ ಹೋದ್ರೆ ಜನ ಸೋಮಾರಿಗಳಾಗ್ತಾರೆ ಕಣಯ್ಯ’ ಅಂದರು. ಪಾಪ, ಅವರ ಮೊಮ್ಮಗ ಜರ್ಮನಿಯ ಮ್ಯೂನಿಕ್ಕಿನಲ್ಲಿ ಎಂಜಿನಿಯರು. ‘ನಿಮ್ಮ ಮರಿಮೊಮ್ಮಗಳಿಗೆ ಅಲ್ಲಿಯ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡ್ತದಲ್ಲ ಮಾವ, ಗೊತ್ತಾ?’ ಅಂದೆ. ಗೊತ್ತಿರಲಿಲ್ಲ. ಕಿಂಡರ್‌ಗೆಲ್ಡ್ ಅಂತ ಅದಕ್ಕೆ ಹೆಸರು. 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೋ. ಅಪ್ಪನ ಸಂಬಳ ಎಷ್ಟಾದರೂ ಇರಲಿ, ಮಗುವಿದ್ದರೆ ಸಾಕು. ಮೊಮ್ಮಗ ಅದರಿಂದ ಸೋಮಾರಿಯಾಗಿದ್ದಾನೆಯೇ? ಬೆಳಿಗ್ಗೆ ಏಳಕ್ಕೆ ಟ್ರೇನು ಹಿಡಿದು ಕೆಲಸಕ್ಕೆ ಹೋಗುತ್ತಾನಂತೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಗೂಗೆ ಕೊಡೋದು ಬೇರೆ’ ಅಂದರು. ಅದನ್ನೇ ತಾನೆ ನಾನೂ ಹೇಳುತ್ತಿದ್ದದ್ದು!

ಅಮೆರಿಕದವರು ಈ ವಿಷಯದಲ್ಲಿ ಒಂದು ವರ್ಷ ಮಾಡಿ ನೋಡಿ ಬಿಟ್ಟರು. 2021ರ ಜುಲೈಯಿಂದ ಡಿಸೆಂಬರಿನವರೆಗೆ ತಿಂಗಳಿಗೆ ಆರರೊಳಗಿನ ಮಗುವಿಗೆ 300 ಡಾಲರ್‌ವರೆಗೆ, ದೊಡ್ಡ ಮಗುವಿಗೆ 250ರವರೆಗೆ, ಬಹುಪಾಲು ಮನೆಗಳಿಗೆ. ಅಲ್ಲಿನ ಜನಗಣತಿ ಇಲಾಖೆಯ ಒಂದು ಅಳತೆಯ ಪ್ರಕಾರ ಬಡತನದಲ್ಲಿದ್ದ ಮಕ್ಕಳ ಪಾಲು ಆ ವರ್ಷ ನೂರಕ್ಕೆ 5.2ಕ್ಕೆ ಇಳಿಯಿತು. ಹಣ ನಿಲ್ಲಿಸಿದ ಮರುವರ್ಷ 12.4ಕ್ಕೆ ಏರಿತು. ಇಳಿಸುವುದು ಹೇಗೆಂದು ಗೊತ್ತಾದ ಮೇಲೂ ನಿಲ್ಲಿಸಿದ್ದು ನನಗೆ ನುಂಗಲಾಗದ ತುತ್ತು.

ಸರ್ಕಾರದ ಇಂಥ ಯೋಜನೆಗಳಿಲ್ಲದ ಕಾಲದಲ್ಲಿ ನಮ್ಮಲ್ಲಿ ಬಡಮಕ್ಕಳ ಹೊಟ್ಟೆಗೆ ಏನು ವ್ಯವಸ್ಥೆ ಇತ್ತು ಎಂದು ಕೇಳಿದರೆ ಹಿರಿಯರು ವಾರಾನ್ನದ ಮಾತು ತೆಗೆಯುತ್ತಾರೆ. ಮೈಸೂರಿನ ಅಗ್ರಹಾರಗಳಲ್ಲಿ ಓದಲು ಬಂದ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆ ಗೊತ್ತು ಮಾಡಿಕೊಂಡು ಓದು ಮುಗಿಸುತ್ತಿದ್ದ. ಹಾಕಿದ ಕೈಗಳು ದೊಡ್ಡವು, ಉಂಡು ಓದಿದವರು ದೊಡ್ಡವರಾದರು, ನಿಜ. ಆದರೆ ಆ ಏಳು ಮನೆಗಳ ಬಾಗಿಲು ಯಾವ ಜಾತಿಯ ಹುಡುಗನಿಗೆ ತೆರೆಯುತ್ತಿತ್ತು? ಉಳಿದ ಹುಡುಗರು ಏನು ಮಾಡಬೇಕಿತ್ತು? ಹುಡುಗಿಯರ ಮಾತಂತೂ ಬಿಡಿ. ಅದಕ್ಕೇ ಮಠಗಳು ಉಚಿತ ಪ್ರಸಾದ ನಿಲಯ ಕಟ್ಟಿದವು. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಎರಡನ್ನೂ ಕೊಟ್ಟರು. 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರ ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲುಗಳನ್ನು ಹೆಚ್ಚಿಸಿತು. ಹಳ್ಳಿಯಿಂದ ತಗಡಿನ ಪೆಟ್ಟಿಗೆ ಹೊತ್ತು ಬಂದು ಹಾಸ್ಟೆಲಿನ ಮುದ್ದೆ ಉಂಡು ಓದಿದವರು ಇವತ್ತು ನಮ್ಮ ಕಾಲೇಜುಗಳಲ್ಲಿ, ಆಸ್ಪತ್ರೆಗಳಲ್ಲಿ, ಕೋರ್ಟುಗಳಲ್ಲಿ ಇದ್ದಾರೆ. ಆ ಮುದ್ದೆಯ ಖರ್ಚು ನಷ್ಟದ ಬಾಬ್ತಿಗೆ ಹೋಗುತ್ತದೋ ಲಾಭದ ಬಾಬ್ತಿಗೆ ಹೋಗುತ್ತದೋ, ನೀವೇ ಬರೆದುಕೊಳ್ಳಿ.

ಶಾಲೆಯ ಬಿಸಿಯೂಟ ಇವತ್ತು ಎಷ್ಟು ಸಹಜವಾಗಿದೆ ಅಂದರೆ ಅದು ಎಂದಿನಿಂದಲೋ ಇದೆ ಅಂತ ನಮ್ಮ ಮಕ್ಕಳು ತಿಳಿದಿದ್ದಾರೆ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ್ದ ದಾವೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯ ಪ್ರತಿ ಮಗುವಿಗೂ ಬೇಯಿಸಿದ ಊಟ ಹಾಕಿ ಎಂದು ಹೇಳಬೇಕಾಯಿತು. ಅಲ್ಲಿಯವರೆಗೆ ಅಕ್ಕಿ ಕೊಟ್ಟು ಕಳಿಸುತ್ತಿದ್ದರು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ಉಳಿದ ಕಡೆಗೂ ಬಂತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು, 150 ಮಿಲಿ. ಆಮೇಲೆ ಮೊಟ್ಟೆ, ಅದಕ್ಕೆ ಎಷ್ಟು ಗಲಾಟೆಯಾಯಿತು! 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಕೈ ಜೋಡಿಸಿದ ಮೇಲೆ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ಬೇಕೋ ಬೇಡವೋ ಎಂದು ದೊಡ್ಡವರು ಟಿವಿಯಲ್ಲಿ ಕೂಗಾಡುತ್ತಿದ್ದಾಗ ಮಕ್ಕಳು ಕೈ ಎತ್ತಿ ಬೇಕು ಅಂದಿದ್ದರು. ಉಣ್ಣುವವರನ್ನು ಕೇಳಿದರೆ ತೀರ್ಮಾನ ಬೇಗ ಆಗುತ್ತದೆ.

ಶಾಲೆಗಿಂತ ಮೊದಲು ಅಂಗನವಾಡಿ. ನಮ್ಮ ಮೈಸೂರು ಜಿಲ್ಲೆಯವರಿಗೆ ಒಂದು ಹೆಮ್ಮೆಯ ವಿಷಯ ಹೇಳಿಬಿಡುತ್ತೇನೆ: 1975ರ ಗಾಂಧಿ ಜಯಂತಿಯ ದಿನ ದೇಶದ 33 ಕಡೆ ಈ ಕಾರ್ಯಕ್ರಮ ಶುರುವಾದಾಗ ಕರ್ನಾಟಕದಲ್ಲಿ ಆರಿಸಿಕೊಂಡದ್ದು ನಮ್ಮ ತಿರುಮಕೂಡಲು ನರಸೀಪುರವನ್ನು. ಕಾವೇರಿ ಕಪಿಲೆ ಕೂಡುವ ಊರಿನ ಸುತ್ತ ನೂರು ಅಂಗನವಾಡಿ. ಐವತ್ತು ವರ್ಷವಾಯಿತು. ಈಗಲೂ ಬೆಳಿಗ್ಗೆ ಹೋಗಿ ನಿಂತರೆ ನೋಡಲು ಚೆನ್ನ: ತೂಕದ ಯಂತ್ರದಿಂದ ಇಳಿಯುವುದಿಲ್ಲ ಎಂದು ಹಟ ಮಾಡುವ ಒಂದು, ಏರುವುದೇ ಇಲ್ಲ ಎಂದು ಅಳುವ ಇನ್ನೊಂದು. ಟೀಚರಮ್ಮ ತೂಕ ನೋಡಿ ಚಾರ್ಟಿನಲ್ಲಿ ಚುಕ್ಕೆ ಇಡುತ್ತಾಳೆ. ಚುಕ್ಕೆ ಹಸಿರು ಪಟ್ಟಿಯಲ್ಲಿ ಬಿದ್ದರೆ ಅವಳ ಮುಖ ಅರಳುತ್ತದೆ, ಹಳದಿಗೆ ಜಾರಿದರೆ ಅಂದೇ ಸಂಜೆ ಆ ಮಗುವಿನ ಮನೆ ಬಾಗಿಲಲ್ಲಿ ಇರುತ್ತಾಳೆ. ಇದರ ಜೊತೆಗೆ ಬಸುರಿಯರಿಗೆ ಮಾತೃಪೂರ್ಣದ ಊಟ, ಮೊಬೈಲಿನಲ್ಲಿ ಫೋಟೋ, ಗೃಹಲಕ್ಷ್ಮಿ ಬಾರದವರ ವಿಚಾರಣೆ, ಎಲ್ಲವೂ ಅವಳ ತಲೆಯ ಮೇಲೆ. ಅವಳಿಗೆ ಕೊಡುವುದಕ್ಕೆ ಸಂಬಳ ಅನ್ನದೆ ಗೌರವಧನ ಅನ್ನುತ್ತಾರೆ. ಇಷ್ಟು ಮಕ್ಕಳ ಯೋಜನೆಗಳು ಯಾರ ಕಾಲಿನ ಮೇಲೆ ನಡೆಯುತ್ತಿವೆಯೋ ಅವಳ ಮನೆಯಲ್ಲೂ ಮಕ್ಕಳಿವೆ ಎಂಬುದನ್ನು ಬಜೆಟ್ ಬರೆಯುವವರು ಮರೆಯಬಾರದು.

ಕಾಗದಪತ್ರದ ಕಷ್ಟ ಗೊತ್ತಿರುವುದೂ ಅವಳಿಗೇ. ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಒಂದು ಅಕ್ಷರ ಹೆಚ್ಚು. ಮದುವೆಯಾದ ಮೇಲೆ ಗಂಡನ ಊರಿಗೆ ಬಂದವಳ ಹೆಸರು ಇನ್ನೂ ತವರಿನ ಕಾರ್ಡಿನಲ್ಲಿ. ಖಾತೆ ಇದೆ, ಆಧಾರ್ ಲಿಂಕ್ ಇಲ್ಲ. ಲಿಂಕ್ ಇದೆ, ದುಡ್ಡು ಎಂದೋ ಮರೆತ ಇನ್ನೊಂದು ಖಾತೆಗೆ ಬಿದ್ದಿದೆ. ಪಾತ್ರೆ ತಿಕ್ಕಿ ತಿಕ್ಕಿ ಬೆರಳ ಗೆರೆ ಸವೆದವಳ ಹೆಬ್ಬೆಟ್ಟನ್ನು ಯಂತ್ರ ಒಪ್ಪುವುದಿಲ್ಲ. ಒಂದು ಬ್ಯಾಂಕಿನಲ್ಲಿ ನಾನೇ ಕಂಡೆ, ಕಂಕುಳಲ್ಲಿ ಕೂಸಿಟ್ಟುಕೊಂಡು ಬಂದವಳಿಗೆ ‘ಸರ್ವರ್ ಇಲ್ಲ, ನಾಳೆ ಬಾ’ ಅಂದರು. ನಾಳೆ ಅವಳಿಗೆ ಕೂಲಿಯ ದಿನ. ಎಲ್ಲರಿಗಿಂತ ಹೆಚ್ಚು ಬೇಕಾದವಳಿಗೇ ದಾರಿ ಎಲ್ಲರಿಗಿಂತ ಉದ್ದ. ಸುಳ್ಳು ಹೇಳಿ ಪಡೆಯುವ ನಾಲ್ವರನ್ನು ತಡೆಯಲು ಇಷ್ಟು ಗೋಡೆ ಕಟ್ಟಿ, ಹೊರಗೆ ಉಳಿದ ಈ ಕೂಸನ್ನು ಯಾರ ಲೆಕ್ಕಕ್ಕೆ ಬರೆಯುತ್ತೇವೆ?

ಸೈಕಲ್ಲಿನ ವಿಷಯ ಹೇಳದೆ ಎದ್ದರೆ ನನಗೆ ಸಮಾಧಾನವಿಲ್ಲ, ಇನ್ನೊಂದು ನಿಮಿಷ ಕೂತುಕೊಳ್ಳಿ. ಬಾಂಡು ಬಂದ ಅದೇ 2006-07ರಲ್ಲೇ ಸರ್ಕಾರಿ ಶಾಲೆಯ ಎಂಟನೆಯ ತರಗತಿಯವರಿಗೆ ಸೈಕಲ್ಲೂ ಬಂತು. ಮೊದಲು ಹುಡುಗಿಯರಿಗೆ, ಆಮೇಲೆ ಹುಡುಗರಿಗೂ. ಏಳನೆಯದು ಮುಗಿಸಿ ಹೈಸ್ಕೂಲು ನಾಲ್ಕು ಮೈಲಿ ಆಚೆ ಅಂತ ಮನೆಯಲ್ಲಿ ಉಳಿಯುತ್ತಿದ್ದ ಹುಡುಗಿಯರು ಸಾಲಾಗಿ ಬೆಲ್ಲು ಹೊಡೆದುಕೊಂಡು ಹೋಗತೊಡಗಿದರು. ಕೊರೊನಾ ಕಾಲದಲ್ಲಿ ಅದು ನಿಂತಿತು. ನಿಂತದ್ದಕ್ಕೆ ಖಜಾನೆಯ ಕಾರಣಗಳು ಏನೇ ಇರಲಿ, ಮತ್ತೆ ಕೊಡಬೇಕು. ಕೊಟ್ಟ ಸೈಕಲ್ಲನ್ನು ಮಕ್ಕಳು ಎಲ್ಲಿ ಹೊಡೆಯುತ್ತಾರೆ, ಅಪ್ಪಂದಿರು ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಾರೆ ಎಂದು ಆಗ ಒಂದು ದೂರಿತ್ತು. ಹೋಗಲಿ ಬಿಡಿ! ಡೇರಿ ಬೆಳಿಗ್ಗೆ ಆರಕ್ಕೆ, ಸ್ಕೂಲು ಹತ್ತಕ್ಕೆ. ಅಪ್ಪ ಏಳಕ್ಕೆ ವಾಪಸು ಬಂದು, ಕ್ಯಾನು ಬಿಚ್ಚಿ, ಸೀಟು ಒರೆಸಿ ಮಗಳಿಗೆ ಕೊಡುತ್ತಾನೆ. ಹಾಲಿನ ಬಟವಾಡೆ ಆದ ದಿನ ಅವಳಿಗೆ ಜಾಮಿಟ್ರಿ ಬಾಕ್ಸೂ ಬರುತ್ತದೆ.